ಎದುರು ಪಕ್ಷದವರ ಮಾತು ಕೇಳುವ ಬಗೆ: ನಿಂತುಹೋದ ಮಾತುಕತೆಯನ್ನು ಮತ್ತೆ ಕೂಡಿಸಲು ಒಂದು ಸಮಗ್ರ ಮಾರ್ಗದರ್ಶಿ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹಳ್ಳಿಗಳಲ್ಲಿ ಚುನಾವಣೆ ಮುಗಿದ ಮೇಲೂ ಅದರ ಬಿಸಿ ಬಹಳ ದಿನ ಆರುವುದಿಲ್ಲ. ವಿಧಾನಸಭೆ, ಲೋಕಸಭೆಗಳ ಮಾತು ಹಾಗಿರಲಿ, ಪಿಕೆಪಿಎಸ್ (ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ) ಸೊಸೈಟಿಯ ಚುನಾವಣೆ, ಸಹಕಾರಿ ಸಕ್ಕರೆ ಕಾರ್ಖಾನೆಯ ಆಡಳಿತ ಮಂಡಳಿಯ ಚುನಾವಣೆ, ಪಕ್ಷದ ಚಿಹ್ನೆಯೇ ಇಲ್ಲದ ಗ್ರಾಮ ಪಂಚಾಯಿತಿ ಚುನಾವಣೆ ಕೂಡ ಒಂದೇ ಓಣಿಯನ್ನು ಎರಡು ಮಾಡಿಬಿಡುತ್ತವೆ. ಬದುವಿನ ಆಚೆಗಿನ ಹೊಲದವರ ಜೊತೆ ಮಾತು ನಿಲ್ಲುತ್ತದೆ, ಮದುವೆಯ ಅಕ್ಕಿಕಾಳಿಗೆ ಕರೆಯುವವರ ಪಟ್ಟಿಯಿಂದ ಹೆಸರು ಬಿಟ್ಟುಹೋಗುತ್ತದೆ, ಮುಯ್ಯಾಳು ಕರೆಯಲು ಬೇರೆ ಮನೆ ಹುಡುಕಬೇಕಾಗುತ್ತದೆ.

ನನ್ನ ದೊಡ್ಡಪ್ಪನ ಮಗ ಅಣ್ಣ ಮತ್ತು ನಾನು ಇಂಥದ್ದೇ ಒಂದು ಚುನಾವಣೆಯ ನಂತರ ಎರಡು ವರ್ಷ ಮಾತು ಬಿಟ್ಟಿದ್ದೆವು. ಮೂರನೆಯ ವರ್ಷ ವಿಜಯದಶಮಿಯ ಸಂಜೆ ಬನ್ನಿ ಹಿಡಿದುಕೊಂಡು ಅವನ ಮನೆಗೆ ಹೋದೆ. ಬನ್ನಿ ಕೊಟ್ಟು ಕಾಲಿಗೆ ಬಿದ್ದ ಮೇಲೆ ಅವನು ಕೂರಲು ಹೇಳಿದ. ಅಂದು ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಅವನು ಮಾತಾಡುವಾಗ ನಡುವೆ ಬಾಯಿ ಹಾಕದೆ ಕೂತದ್ದು. ನಾನು ಎರಡು ವರ್ಷ ಮನಸ್ಸಿನಲ್ಲೇ ಉತ್ತರ ಕೊಟ್ಟುಕೊಂಡಿದ್ದ ವಾದವು ಅವನ ವಾದವೇ ಆಗಿರಲಿಲ್ಲ ಎಂಬುದು ಆಗ ತಿಳಿಯಿತು. ಆ ಬಳಿಕ ಊರಿನ ಬೇರೆ ಬೇರೆ ಜಗಳಗಳಲ್ಲಿ ಕೂತು ಎದ್ದು, ಓದಿ, ಕೆಲವೊಮ್ಮೆ ಸೋತು ಕಲಿತದ್ದನ್ನು ಇಲ್ಲಿ ಮಾಡುವ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಗುರಿ ಏನೆಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಎದುರಿನವರು ಪಕ್ಷ ಬದಲಿಸಬೇಕೆಂಬುದು ಈ ಮಾರ್ಗದರ್ಶಿಯ ಗುರಿಯಲ್ಲ. ಅವರ ನಿಲುವನ್ನು ನೀವು ನಿಮ್ಮ ಬಾಯಿಂದ ಹೇಳಿದಾಗ ಅವರು ತಲೆಯಾಡಿಸಿ, ‘ಹೌದು, ನಾ ಹೇಳಾಕತ್ತಿದ್ದು ಇದನ್ನ’ ಎನ್ನಬೇಕು. ಆ ‘ಹೌದು’ ಬರುವ ತನಕ ಮಾತುಕತೆ ಶುರುವಾಗಿಲ್ಲವೆಂದೇ ನಾನು ಲೆಕ್ಕ ಹಿಡಿಯುತ್ತೇನೆ.

ಹೊರಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆ

ಒಬ್ಬ ವ್ಯಕ್ತಿಯನ್ನು, ಒಂದೇ ವಿಷಯವನ್ನು ಆರಿಸಿಕೊಳ್ಳಿ. ಇಡೀ ಪಕ್ಷದೊಡನೆ ಯಾರೂ ಮಾತಾಡಲಾರರು. ಆನಂತರ ಒಂದು ಹಾಳೆಯಲ್ಲಿ ಆ ವ್ಯಕ್ತಿಯ ನಿಲುವನ್ನು ಮೂರು ವಾಕ್ಯಗಳಲ್ಲಿ, ಅವರೇ ಬರೆದಿದ್ದರೆ ಹೇಗೆ ಬರೆಯುತ್ತಿದ್ದರೋ ಹಾಗೆ ಬರೆಯಿರಿ. ‘ರೊಕ್ಕಕ್ಕೆ ಮಾರಿಕೊಂಡವರು’, ‘ಜಾತಿ ನೋಡಿ ಓಟು ಹಾಕುವವರು’, ‘ತಲೆ ಇಲ್ಲದವರು’ ಎಂಬ ಮಾತು ಒಂದಾದರೂ ಅದರಲ್ಲಿ ನುಸುಳಿದ್ದರೆ ಅದು ಅವರ ನಿಲುವಲ್ಲ, ಅವರ ಬಗ್ಗೆ ನಿಮಗಿರುವ ಸಿಟ್ಟು. ಅದನ್ನು ಹೊಡೆದುಹಾಕಿ ಮತ್ತೆ ಬರೆಯಿರಿ. ಬರೆಯಲು ಬಾರದೆ ಪೆನ್ನು ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ನೀವು ಕೇಳಬೇಕಾದ ಪ್ರಶ್ನೆ ಇರುತ್ತದೆ.

ನಿಮ್ಮ ಉದ್ದೇಶವನ್ನೂ ಒಮ್ಮೆ ತೂಗಿ ನೋಡಿಕೊಳ್ಳಿ. ಮುಂದಿನ ಚುನಾವಣೆಗೆ ಓಟು ಸೆಳೆಯುವ ಆಸೆ ಒಳಗಿದ್ದರೆ ದಯವಿಟ್ಟು ಹೋಗಬೇಡಿ. ಹಳ್ಳಿಯ ಜನ ಅದನ್ನು ಹೊಸ್ತಿಲಲ್ಲಿಯೇ ಗುರುತಿಸುತ್ತಾರೆ, ಮತ್ತು ಎರಡನೆಯ ಸಲ ಬಾಗಿಲು ತೆರೆಯುವುದಿಲ್ಲ.

ಜಾಗ, ಹೊತ್ತು, ಕರೆಯುವ ರೀತಿ

ಗುಡಿಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ, ಹತ್ತು ಜನ ಕೇಳುತ್ತಿರುವಲ್ಲಿ ಇಂಥ ಮಾತನ್ನು ಎಂದೂ ಎತ್ತಬಾರದು. ಅಲ್ಲಿ ಮಾತಾಡುವವನು ಎದುರಿನವನಿಗೆ ಉತ್ತರ ಕೊಡುವುದಿಲ್ಲ, ಸುತ್ತ ಕೂತವರ ಮುಂದೆ ತನ್ನ ಮರ್ಯಾದೆ ಕಾಯ್ದುಕೊಳ್ಳುತ್ತಾನೆ. ‘ಇರಬಹುದು’ ಎಂದು ಒಂದು ಹೆಜ್ಜೆ ಹಿಂದೆ ಸರಿಯಲು ಅವನಿಗೆ ದಾರಿಯೇ ಇರುವುದಿಲ್ಲ. ಹೊಲಕ್ಕೆ ಹೋಗುವ ದಾರಿ, ಸಂಜೆ ಮನೆಯ ಪಡಸಾಲೆ, ಬಸ್ಸಿನಲ್ಲಿ ಅಕ್ಕಪಕ್ಕದ ಸೀಟು ಇವು ಒಳ್ಳೆಯ ಜಾಗಗಳು. ಮುಖಾಮುಖಿ ಕೂರುವುದಕ್ಕಿಂತ ಜೊತೆಯಾಗಿ ನಡೆಯುತ್ತ ಆಡಿದ ಮಾತು ಹಗುರಾಗಿ ಸಾಗುತ್ತದೆಂಬುದು ನನ್ನ ಅನುಭವ.

ಬಹಳ ದಿನ ಮಾತು ಬಿಟ್ಟವರ ಮನೆಗೆ ಹೋಗಲು ನೆವ ಬೇಕಾಗುತ್ತದೆ. ಅದನ್ನು ನಮ್ಮ ಹಿರಿಯರೇ ಒದಗಿಸಿಟ್ಟಿದ್ದಾರೆ. ದಸರೆಯಲ್ಲಿ ಬನ್ನಿ ಕೊಟ್ಟು ಬಂಗಾರದಂಗ ಇರೋಣ ಎನ್ನುತ್ತೇವೆ, ಸಂಕ್ರಾಂತಿಯಲ್ಲಿ ಕುಸುರೆಳ್ಳು ಕೊಡುತ್ತೇವೆ. ಬೆಳಗಾವಿಯ ಮರಾಠಿ ಮಾತಿನ ಮನೆಗಳಲ್ಲಿಯೂ ದಸರೆಗೆ ಎಲೆಯನ್ನು ಬಂಗಾರವೆಂದು ಕೊಡುವ, ಸಂಕ್ರಾಂತಿಗೆ ತಿಳಗುಳ ಕೊಟ್ಟು ಸಿಹಿಯಾಗಿ ಮಾತಾಡಿರೆನ್ನುವ ಪದ್ಧತಿಯಿದೆ. ಎರಡೂ ಭಾಷೆಯ ಮನೆಗಳ ಬಾಗಿಲು ಒಂದೇ ದಿನ ತೆರೆದಿರುವ ಇಂಥ ಅವಕಾಶವನ್ನು ಕೇವಲ ಹಬ್ಬವೆಂದು ಕಳೆದುಬಿಡಬಾರದು. ಕಿರಿಯರು ಹಿರಿಯರ ಮನೆಗೆ ಹೋಗಬೇಕು. ಮೊದಲು ಕರೆಯುತ್ತಿದ್ದಂತೆಯೇ ಕಾಕಾ, ಮಾಮಾ, ಅಕ್ಕಾ, ಚಾಚಾ ಎಂದು ಕರೆಯಿರಿ. ಜಗಳದ ನಂತರ ‘ಸಾಹೇಬ್ರ’ ಎಂದು ದೂರ ಮಾಡಿದರೆ ಉಳಿದ ಮಾತು ದಾರಿ ಹಿಡಿಯುವುದಿಲ್ಲ.

ಮೊದಲ ಪ್ರಶ್ನೆ

‘ಆ ಪಕ್ಷಕ್ಕ ಯಾಕ ಓಟು ಹಾಕ್ತೀರಿ?’ ಎಂಬುದು ಕೇಳಲು ಪ್ರಶ್ನೆಯಂತಿದ್ದರೂ ಕಟಕಟೆಯಲ್ಲಿ ನಿಲ್ಲಿಸಿದಂತೆ ಆಗುತ್ತದೆ. ‘ಯಾಕ’ ಎಂದ ಕೂಡಲೇ ಜನ ಸಮರ್ಥನೆಗೆ ಇಳಿಯುತ್ತಾರೆ. ಅದರ ಬದಲು ‘ಇದು ನಿಮ್ಮ ಮನಸ್ಸಿಗೆ ಯಾವಾಗಿಂದ ಹತ್ತೇತಿ, ಕಾಕಾ?’, ‘ಏನಾತು ಆಗ?’ ಎಂದು ಕೇಳಿದರೆ ಕಥೆ ಬರುತ್ತದೆ. ನಿಲುವಿಗೆ ಎದುರು ವಾದ ಹೂಡಬಹುದು, ಆದರೆ ಒಬ್ಬ ಮನುಷ್ಯ ತನ್ನ ಮೇಲೆ ನಡೆದದ್ದನ್ನು ಹೇಳುವಾಗ ಅದಕ್ಕೆ ವಾದ ಹೂಡಲು ನಮಗೂ ಮನಸ್ಸು ಬರುವುದಿಲ್ಲ.

ಇದಕ್ಕೆ ಸಂಶೋಧನೆಯ ಬಲವೂ ಇದೆ. ಅಮೆರಿಕದ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ ಎಂಬ ವಿದ್ವಾಂಸರು ಮಯಾಮಿಯಲ್ಲಿ ಮನೆ ಮನೆಗೆ ಹೋಗಿ ಮತದಾರರೊಡನೆ ಸುಮಾರು 10 ನಿಮಿಷ ಮಾತಾಡಿದ ಕಾರ್ಯಕರ್ತರ ಕೆಲಸವನ್ನು ಅಳೆದು, 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ವಿಷಯ ಲಿಂಗ ಪರಿವರ್ತಿತರ ಬಗೆಗಿನ ಪೂರ್ವಗ್ರಹದ್ದಾಗಿತ್ತು. ಕಾರ್ಯಕರ್ತರು ತೀರ್ಪು ಕೊಡದೆ ಕೇಳಿದರು, ನೀವು ಬೇರೆ ಎಂದು ನಿಮ್ಮನ್ನು ಯಾರಾದರೂ ಕೀಳಾಗಿ ಕಂಡದ್ದುಂಟೆ ಎಂದು ಮತದಾರರ ಸ್ವಂತ ನೆನಪನ್ನು ಕೆದಕಿದರು. ಅದರ ಪರಿಣಾಮ ಕನಿಷ್ಠ 3 ತಿಂಗಳು ಉಳಿಯಿತು.

ಮರುನುಡಿ: ಎಲ್ಲಕ್ಕಿಂತ ಕಷ್ಟದ ಹೆಜ್ಜೆ

ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1950ರ ದಶಕದ ಆರಂಭದಲ್ಲಿಯೇ ವಾದಕ್ಕೆ ಒಂದು ನಿಯಮ ಸೂಚಿಸಿದ್ದರು. ಎದುರಿನವರ ವಿಚಾರವನ್ನೂ ಭಾವನೆಯನ್ನೂ ಅವರಿಗೆ ಒಪ್ಪಿಗೆಯಾಗುವ ಹಾಗೆ ತಿರುಗಿ ಹೇಳಿದ ಮೇಲೆ ಮಾತ್ರ ನಿಮ್ಮ ಮಾತು ಆಡಬೇಕು. ಓದಲು ಸರಳವಾಗಿ ಕಾಣುವ ಈ ನಿಯಮವನ್ನು ಒಂದು ಸಂಜೆ ಪಾಲಿಸಿ ನೋಡಿದರೆ, ಎಷ್ಟು ಸಲ ನಾವು ಕೇಳದೆ ಉತ್ತರ ಹೆಣೆಯುತ್ತಿರುತ್ತೇವೆ ಎಂಬುದು ಮನವರಿಕೆಯಾಗುತ್ತದೆ.

ನಮ್ಮದೇ ಭಾಗದ ಒಂದು ಭಾರವಾದ ವಿಷಯವನ್ನು ತೆಗೆದುಕೊಳ್ಳೋಣ. ಆಲಮಟ್ಟಿ ಆಣೆಕಟ್ಟೆಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ಈಗ ಸಮುದ್ರಮಟ್ಟದಿಂದ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 2010ರಲ್ಲಿ 524.256 ಮೀಟರ್‌ಗೆ ಏರಿಸಲು ಒಪ್ಪಿಗೆ ಕೊಟ್ಟಿತು. ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ದೊಡ್ಡ ಭಾಗ ಮುಳುಗಿ ನವನಗರ ಹುಟ್ಟಿತು, ನದಿದಂಡೆಯ ಹಳ್ಳಿಗಳು ಪುನರ್ವಸತಿ ಕೇಂದ್ರಗಳಾದವು. ಅತ್ತ ಇಂಡಿ, ಚಡಚಣದ ಕಡೆ ಬರಗಾಲ ಬಂದರೆ ಲಿಂಬೆ ಗಿಡ ಉಳಿಸಲು ಟ್ಯಾಂಕರಿನಲ್ಲಿ ನೀರು ತರಿಸಿ ಹಾಕಿದ ರೈತರಿದ್ದಾರೆ. 1997ರವರೆಗೆ ಒಂದೇ ಜಿಲ್ಲೆಯಾಗಿದ್ದ ಈ ಎರಡು ಕಡೆಯವರಲ್ಲಿ ಒಬ್ಬರಿಗೆ ನೀರೆಂದರೆ ಕಳೆದುಕೊಂಡದ್ದು, ಇನ್ನೊಬ್ಬರಿಗೆ ಬರಬೇಕಾದದ್ದು. ಇಬ್ಬರ ನಡುವೆ ಬೀಗತನವೂ ಇರುತ್ತದೆ. ಇಂಡಿ ಕಡೆಯ ಅಳಿಯನೊಬ್ಬ ಬೀಳಗಿ ಕಡೆಯ ಪುನರ್ವಸತಿ ಕೇಂದ್ರದಲ್ಲಿರುವ ಸೋದರಮಾವನೊಡನೆ ಕೂತಿದ್ದಾನೆಂದು ಊಹಿಸಿಕೊಳ್ಳಿ.

‘ಆಣೆಕಟ್ಟಿ ಇನ್ನ ಎತ್ತರ ಮಾಡೂದು ಬ್ಯಾಡೋ ತಮ್ಮಾ. ಒಮ್ಮಿ ಮುಳುಗಿದ್ದ ಸಾಕು.’

ಇಲ್ಲಿ ನಾಲಿಗೆಯ ತುದಿಗೆ ಬರುವ ಉತ್ತರ, ‘ಪರಿಹಾರ ಕೊಟ್ಟಾರಲ್ಲ ಮಾಮಾ, ನಮ್ಮ ಕಡಿ ಗಿಡ ಒಣಗಾಕತ್ತಾವ’ ಎಂಬುದು. ಆ ಮಾತು ಸುಳ್ಳಲ್ಲ. ಆದರೂ ಅದನ್ನು ಆಡಿದರೆ ಮಾತು ಅಲ್ಲಿಗೇ ನಿಂತಿತು. ಅಳಿಯ ಅದನ್ನು ನುಂಗಿಕೊಂಡು ಕೇಳುತ್ತಾನೆ:

‘ಅಂದ್ರ, ಪರಿಹಾರದ ರೊಕ್ಕ ಕಡಿಮಿ ಬಂತು, ಅದಕ್ಕ ಬ್ಯಾಡ ಅಂತೀರಿ. ಹೌದೇನ್ರಿ ಮಾಮಾ?’

‘ರೊಕ್ಕದ ಮಾತಲ್ಲೋ. ರೊಕ್ಕ ಬಂತು, ಹೋತು. ಯಾವಾಗ ಏಳಬೇಕು ಅನ್ನೂದ ಗೊತ್ತಿಲ್ಲ. ಮನಿ ದುರಸ್ತಿ ಮಾಡಸಬೇಕೋ ಬ್ಯಾಡೋ, ಉಳಿದ ಹೊಲಕ್ಕ ಪೈಪ್‌ಲೈನ್ ಹಾಕಬೇಕೋ ಬ್ಯಾಡೋ, ಒಂದೂ ತಿಳಿವಲ್ದು.’

‘ಹಂಗಾದ್ರ, ಎತ್ತರ ಮಾಡೂದಕ್ಕಿಂತ ಇಷ್ಟ ವರ್ಷ ತೂಗಹಾಕಿ ಇಟ್ಟಾರಲ್ಲ, ಅದ ನಿಮಗ ಹೆಚ್ಚ ತ್ರಾಸ ಆಗೇತಿ.’

‘ಹಾಂ, ಈಗ ಅಂದಿ ನೋಡು. ನಾ ಹೇಳಾಕತ್ತಿದ್ದು ಅದನ್ನ.’

ಈ ನಾಲ್ಕು ಮಾತಿನಲ್ಲಿ ಗಮನಿಸಬೇಕಾದದ್ದು ಬಹಳವಿದೆ. ಅಳಿಯನ ಮೊದಲ ಮರುನುಡಿ ತಪ್ಪಾಗಿತ್ತು, ಆದರೂ ಅದು ಕೆಲಸಕ್ಕೆ ಬಂತು, ಏಕೆಂದರೆ ಅದನ್ನು ತೀರ್ಪಿನಂತೆ ಹೇಳದೆ ‘ಹೌದೇನ್ರಿ’ ಎಂದು ಕೇಳಿದ್ದರಿಂದ ತಿದ್ದುವ ಅಧಿಕಾರ ಮಾವನ ಕೈಯಲ್ಲಿಯೇ ಉಳಿಯಿತು. ತಪ್ಪು ತಿದ್ದುವಾಗಲೇ ಮಾವನ ನಿಜವಾದ ನೋವು ಹೊರಗೆ ಬಂತು. ಆ ನೋವು ಅನಿಶ್ಚಯದ್ದು. ಕಾಲುವೆಗೆ ನೀರು ಎಂದು ಬರುತ್ತದೆಂದು ಕಾಯುತ್ತಿರುವ ಅಳಿಯನದೂ ಅದೇ ಅನಿಶ್ಚಯ. ಎರಡು ಕಡೆಯವರೂ ಸೇರಿ ಸರ್ಕಾರವನ್ನು ಕೇಳಬಹುದಾದ ಪ್ರಶ್ನೆಯೊಂದು, ಅಂದರೆ ಭೂಸ್ವಾಧೀನ ಮತ್ತು ಪುನರ್ವಸತಿಗೆ ವರ್ಷ ತಿಂಗಳು ನಮೂದಿಸಿದ ವೇಳಾಪಟ್ಟಿ ಕೊಡಿ ಎಂಬುದು, ಈ ಮಾತುಕತೆಯಿಂದ ತಾನಾಗಿ ಹುಟ್ಟುತ್ತದೆ. ಎತ್ತರ ಬೇಕೋ ಬೇಡವೋ ಎಂಬ ವಾದದಲ್ಲಿ ಅದು ಎಂದಿಗೂ ಕಾಣಿಸುತ್ತಿರಲಿಲ್ಲ.

ಮರುನುಡಿಯಲ್ಲಿ ಎರಡು ಎಚ್ಚರಿಕೆಗಳಿವೆ. ಗಿಳಿಯಂತೆ ಅದೇ ಶಬ್ದಗಳನ್ನು ಒಪ್ಪಿಸಬೇಡಿ, ಅದು ಅಣಕಿಸಿದಂತೆ ಕೇಳುತ್ತದೆ. ಎದುರಿನವರ ಮಾತನ್ನು ಅವರು ಹೇಳಿದ್ದಕ್ಕಿಂತ ದುರ್ಬಲವಾಗಿಯೂ ಹೇಳಬೇಡಿ. ಸಾಧ್ಯವಾದರೆ ಅವರ ವಾದಕ್ಕೆ ಅವರಿಗೇ ಹೊಳೆಯದ ಒಂದು ಬಲವನ್ನು ಸೇರಿಸಿ ಹೇಳಿ. ಅಂಥ ಮರುನುಡಿ ಕೇಳಿದವರು ಸಾಮಾನ್ಯವಾಗಿ ‘ಇರ್ಲಿ, ನಿಮ್ಮ ಕಡಿ ಏನ್ ಐತಿ ಹೇಳು’ ಎನ್ನುತ್ತಾರೆ. ಆ ಆಹ್ವಾನಕ್ಕೆ ಕಾಯುವುದೇ ಒಳ್ಳೆಯದು.

ಲೆಕ್ಕದ ಜಗಳವನ್ನು ಬೇರೆ ಮಾಡುವುದು

ಒಂದು ವಾದದೊಳಗೆ ಹಲವು ವಾದಗಳು ಹೆಣೆದುಕೊಂಡಿರುತ್ತವೆ. ಕೆಲವು ಕಾಗದ ನೋಡಿ ಬಗೆಹರಿಯುವಂಥವು, ಕೆಲವು ಯಾವುದು ನ್ಯಾಯ ಎಂಬುದಕ್ಕೆ ಸೇರಿದವು, ಉಳಿದವು ಭಯದಿಂದ ಹುಟ್ಟಿದವು. ಭಯಕ್ಕೆ ಅಂಕಿಅಂಶ ಕೊಟ್ಟರೆ ಅದು ಕಡಿಮೆಯಾಗುವುದಿಲ್ಲ, ನ್ಯಾಯದ ಪ್ರಶ್ನೆಗೆ ಸರ್ಕಾರಿ ಆದೇಶ ತೋರಿಸಿದರೂ ಪ್ರಯೋಜನವಿಲ್ಲ. ಆದರೆ ಕಾಗದದ ಜಗಳವನ್ನು ಕಾಗದದಿಂದ ಮುಗಿಸದೆ ಬಿಟ್ಟರೆ ಅದು ಉಳಿದೆರಡನ್ನೂ ಕಲಕುತ್ತಿರುತ್ತದೆ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಬೇಕೆಂದು ಕೂತಿದ್ದಾಗ, ಪೇಟೆಯವರು ಅನೇಕರು ‘ಕೇಂದ್ರದ ಎಫ್‌ಆರ್‌ಪಿಯೇ (ಕಬ್ಬಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸುವ ಕನಿಷ್ಠ ದರ) 3,550 ಇರುವಾಗ ಇವರು 3,500ಕ್ಕೆ ಯಾಕೆ ಹಟ ಹಿಡಿದಿದ್ದಾರೆ’ ಎಂದು ಕೇಳುತ್ತಿದ್ದರು. ಆ 3,550 ರೂಪಾಯಿ ಶೇ 10.25ರ ಸಕ್ಕರೆ ಇಳುವರಿಗೆ ಗೊತ್ತುಪಡಿಸಿದ ದರ, ಮತ್ತು ಕಟಾವು ಹಾಗೂ ಸಾಗಾಣಿಕೆಯ ವೆಚ್ಚವನ್ನು ಅದರಲ್ಲಿಯೇ ಕಳೆಯಲಾಗುತ್ತದೆ. ರೈತ ಆಡುತ್ತಿದ್ದದ್ದು ಕೈಗೆ ಬರುವ ರೊಕ್ಕದ ಮಾತು, ಎದುರಿನವರು ಹಿಡಿದದ್ದು ಘೋಷಣೆಯ ಅಂಕಿ. ಇಬ್ಬರೂ ಸರಿಯಾದ ಸಂಖ್ಯೆಯನ್ನೇ ಹೇಳುತ್ತ ಒಬ್ಬರನ್ನೊಬ್ಬರು ಸುಳ್ಳರೆಂದು ಕರೆಯುತ್ತಿದ್ದರು. ಹಾಗಾಗಿ ಸಂಖ್ಯೆಯೊಂದು ಜಗಳಕ್ಕೆ ಬಂದಾಗಲೆಲ್ಲ ‘ಇದು ಕಳೆದು ಉಳಿದದ್ದೋ, ಕಳೆಯುವ ಮುಂಚಿನದೋ? ಯಾವ ವರ್ಷದ್ದು?’ ಎಂದು ಕೇಳಿ, ಸಾಧ್ಯವಿದ್ದರೆ ಇಬ್ಬರೂ ಕೂಡಿ ಒಂದೇ ಬಿಲ್ಲನ್ನು ನೋಡಿ. ನಿಮ್ಮ ಮೊಬೈಲಿನಲ್ಲಿ ಹುಡುಕಿ ಅವರ ಮುಖದ ಮುಂದೆ ಹಿಡಿಯುವುದು ಕೂಡಿ ನೋಡಿದಂತಾಗದು.

ನಿಮ್ಮ ಮಾತು ಹೇಳುವಾಗ

ನಿಮ್ಮ ಸರದಿ ಬಂದಾಗ ಅವರ ಮಾತಿನಲ್ಲಿ ನಿಮಗೆ ಸರಿಯೆನಿಸಿದ್ದನ್ನು ಮೊದಲು ಹೇಳಿ. ಅದು ಮನಸ್ಸಿನಿಂದ ಬಂದದ್ದಾಗಿರಬೇಕು, ಉಪಚಾರಕ್ಕೆ ಅಂದ ಮಾತು ಕೂಡಲೇ ತಿಳಿಯುತ್ತದೆ. ಆಮೇಲೆ ‘ಎಲ್ಲಾರಿಗೂ ಗೊತ್ತೈತಿ’ ಎಂದು ಊರನ್ನು ಸಾಕ್ಷಿಗೆ ಕರೆಯದೆ, ‘ನನಗ ಹಿಂಗ ಅನಸ್ತೈತಿ, ಯಾಕಂದ್ರ ನನ್ನ ಕಣ್ಣಮುಂದ ಹಿಂಗಾತು’ ಎಂದು ನಿಮ್ಮ ಕಥೆಯನ್ನು ಹೇಳಿ. ನಿಮ್ಮ ಪಕ್ಷ ಮಾಡಿದ ಒಂದು ತಪ್ಪನ್ನು ನೀವಾಗಿಯೇ ಒಪ್ಪಿಕೊಳ್ಳುವ ಧೈರ್ಯವಿದ್ದರೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ. ಅವರೂ ತಮ್ಮವರ ತಪ್ಪನ್ನು ಹೇಳಲು ಅದರಿಂದ ಬಾಗಿಲು ತೆರೆಯುತ್ತದೆ. ಕೂಡಲೇ ಹೇಳಲಿಲ್ಲವೆಂದು ಕಾಯುತ್ತ ಮುಖ ನೋಡಬೇಡಿ.

ನಿಲುವು ಬಿಡದೆಯೇ ಜೊತೆ ಉಳಿಯಬಹುದು ಎಂಬುದಕ್ಕೆ ಬೆಳಗಾವಿಯಲ್ಲಿ ನೆನಪಿದೆ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ 1924ರ ಡಿಸೆಂಬರ್‌ನಲ್ಲಿ ಇಲ್ಲಿನ ಟಿಳಕವಾಡಿಯಲ್ಲಿ ನಡೆಯಿತು, ಗಂಗಾಧರರಾವ್ ದೇಶಪಾಂಡೆಯವರು ಅದರ ವ್ಯವಸ್ಥೆಯ ಹೊಣೆ ಹೊತ್ತಿದ್ದರು. ಶಾಸನಸಭೆಗಳಿಗೆ ಹೋಗಬೇಕೆನ್ನುವ ಚಿತ್ತರಂಜನ್ ದಾಸ್ ಮತ್ತು ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷ ಒಂದು ಕಡೆ, ಹೋಗಬಾರದೆನ್ನುವವರು ಇನ್ನೊಂದು ಕಡೆ ನಿಂತು ಕಾಂಗ್ರೆಸ್ ಸೀಳುವ ಹಂತಕ್ಕೆ ಬಂದಿತ್ತು. ಗಾಂಧೀಜಿ ಶಾಸನಸಭೆಯ ವಿಷಯದಲ್ಲಿ ತಮ್ಮ ಅಭಿಪ್ರಾಯವನ್ನು ಬದಲಿಸಲಿಲ್ಲ. ಆದರೂ ದಾಸ್, ನೆಹರೂ ಅವರೊಡನೆ ಮೊದಲೇ ಮಾಡಿಕೊಂಡಿದ್ದ ಒಪ್ಪಂದವನ್ನು ಬೆಳಗಾವಿ ಅಧಿವೇಶನ ಸ್ಥಿರಪಡಿಸಿತು. ಸ್ವರಾಜ್ಯ ಪಕ್ಷದವರು ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಗಳಲ್ಲಿ ದುಡಿಯಲಿ ಎಂದೂ ಕಾಂಗ್ರೆಸ್ ಸದಸ್ಯರು ನೂಲು ಒಪ್ಪಿಸಲಿ ಎಂದೂ ಗೊತ್ತಾಯಿತು. ಕರ್ನಾಟಕ ಏಕೀಕರಣದ ಮೊದಲ ಸಮ್ಮೇಳನವೂ ಅದೇ ಸಮಯದಲ್ಲಿ ಅಲ್ಲಿಯೇ ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಸೇರಿತ್ತು. ಇಂದು ಗಡಿಯ ವಿಷಯದಲ್ಲಿ ಮರಾಠಿ ಮಾತಿನ ನೆರೆಯವರೊಡನೆ ಕೂರುವ ಕನ್ನಡಿಗರು ಕೂಡ, ಬೆಳಗಾವಿ ಕರ್ನಾಟಕದಲ್ಲೇ ಉಳಿಯಲಿ ಎಂದ ಮಹಾಜನ ಆಯೋಗದ 1967ರ ವರದಿಯನ್ನು ಬಿಟ್ಟುಕೊಡಬೇಕಾಗಿಲ್ಲ. ನಾನಂತೂ ಬಿಟ್ಟುಕೊಡುವುದಿಲ್ಲ. ಆದರೆ ನೆರೆಯವರ ಅಜ್ಜಿಗೆ ಕಚೇರಿಯ ಕಾಗದ ಓದಲು ಬಾರದೆ ಆಗುವ ತೊಂದರೆಯನ್ನು ಕೇಳಲು ಆ ವರದಿ ಅಡ್ಡ ಬರುವುದಿಲ್ಲ.

ಸಿಟ್ಟು ಬಂದಾಗ, ಮತ್ತು ನಿಲ್ಲಿಸಲೇಬೇಕಾದಾಗ

ದನಿ ಏರಿತೆಂದರೆ ನೀರು ಕೇಳಿ, ಎದ್ದು ಅಂಗಳಕ್ಕೆ ಹೋಗಿ ಬನ್ನಿ. ‘ಇವತ್ತ ಇಷ್ಟ ಸಾಕ್ರಿ ಕಾಕಾ, ಐತವಾರ ಮತ್ತ ಬರ್ತೀನಿ’ ಎಂದು ದಿನ ಹೇಳಿ ಏಳಿ. ದಿನ ಹೇಳದೆ ಎದ್ದರೆ ಅದು ಮುನಿಸಿಕೊಂಡು ಹೋದಂತೆ ಕಾಣುತ್ತದೆ.

ಜಾತಿ ಹಿಡಿದು ಹೀಯಾಳಿಸಿದರೆ, ಹೆಣ್ಣುಮಕ್ಕಳ ಬಗ್ಗೆ ಕೀಳು ಮಾತಾಡಿದರೆ, ಹೊಡೆಯುವ ಬೆದರಿಕೆ ಹಾಕಿದರೆ ಕೂತು ಕೇಳುವ ಕರ್ತವ್ಯ ಯಾರಿಗೂ ಇಲ್ಲ. ಕೇಳುವ ಭಾರ ಯಾವಾಗಲೂ ಬಲವಿದ್ದವರ ಮೇಲೆಯೇ ಹೆಚ್ಚು ಬೀಳಬೇಕೆಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಗುಡಿಯೊಳಗೆ ಬಿಟ್ಟುಕೊಳ್ಳದವರ ಮನಸ್ಸನ್ನು ತಿಳಿದುಕೊಳ್ಳಿ ಎಂದು ಹೊರಗೆ ನಿಂತವರಿಗೆ ಉಪದೇಶಿಸುವುದು ಅನ್ಯಾಯ. ಅಲ್ಲಿ ಮೊದಲು ಬಾಯಿ ಮುಚ್ಚಿ ಕೇಳಬೇಕಾದವರು ಒಳಗಿರುವವರು. ಹಾಗೆಯೇ, ಮಾತುಕತೆ ನಡೆದಿದೆಯೆಂದು ಮನವಿ ಕೊಡುವುದನ್ನೋ ಧರಣಿ ಕೂರುವುದನ್ನೋ ಬಿಡಬೇಕಾಗಿಲ್ಲ.

ವಾಟ್ಸ್‌ಆ್ಯಪ್ ಗುಂಪು

ಗುಂಪಿನಲ್ಲಿ ಉತ್ತರ ಬರೆಯಬೇಡಿ. ಅದು ಇನ್ನೂರು ಜನ ಕೂತ ಗುಡಿಕಟ್ಟೆ. ತಪ್ಪು ಸುದ್ದಿ ಕಳಿಸಿದವರಿಗೆ ಫೋನು ಮಾಡಿ, ‘ಇದು ನಿಮಗ ಎಲ್ಲಿಂದ ಬಂತ್ರಿ?’ ಎಂದು ಕೇಳಿ. ತಾವಾಗಿಯೇ ಅಳಿಸಲು ಅವರಿಗೆ ಅವಕಾಶ ಕೊಡಿ.

ಹಲವರು ಕೂಡಿ ಕೂರುವುದು

ಇಬ್ಬರ ನಡುವೆ ಸಾಧಿಸಿದ ಮೇಲೆ ಊರಿನ ಮಟ್ಟಕ್ಕೆ ಹೋಗಬಹುದು. ಅಮೆರಿಕದಲ್ಲಿ 2016ರ ಅಧ್ಯಕ್ಷೀಯ ಚುನಾವಣೆಯ ನಂತರ ಹುಟ್ಟಿದ ‘ಬ್ರೇವರ್ ಏಂಜಲ್ಸ್’ ಎಂಬ ಸಂಘಟನೆ ಎರಡೂ ಪಕ್ಷಗಳ ಜನರನ್ನು ಸರಿಸಮ ಸಂಖ್ಯೆಯಲ್ಲಿ ಕೂರಿಸುತ್ತದೆ. ಅಲ್ಲಿನ ಒಂದು ಅಭ್ಯಾಸ ನಮಗೂ ಹೊಂದುತ್ತದೆ. ಪ್ರತಿಯೊಂದು ಬಣವೂ ಬೇರೆ ಕೂತು, ಎದುರಿನವರು ತಮ್ಮ ಬಗ್ಗೆ ಏನೇನು ತಪ್ಪು ತಿಳಿದಿದ್ದಾರೆ, ಆ ತಿಳಿವಳಿಕೆಯಲ್ಲಿ ಎಳ್ಳಷ್ಟು ನಿಜವೂ ಎಲ್ಲಿದೆ ಎಂಬುದನ್ನು ಬರೆದು ತಂದು ಓದುತ್ತದೆ. ತಮ್ಮ ದೋಷವನ್ನು ತಾವೇ ಓದಿದ ಮೇಲೆ ಎದುರಿನವರಿಗೆ ಚುಚ್ಚಲು ಹೆಚ್ಚೇನೂ ಉಳಿಯುವುದಿಲ್ಲ.

ಸಮುದಾಯ ಭವನದಲ್ಲೋ ಗ್ರಂಥಾಲಯದಲ್ಲೋ ಎಂಟು ಹತ್ತು ಜನ ಸಾಕು. ನಡೆಸುವವರು ಯಾವ ಪ್ಯಾನೆಲ್‌ಗೂ ಸೇರದ, ಚುನಾವಣೆಗೆ ನಿಲ್ಲುವ ಇರಾದೆ ಇಲ್ಲದವರಾಗಿರಬೇಕು, ನಿವೃತ್ತ ಮಾಸ್ತರರು ಅಥವಾ ನರ್ಸಮ್ಮನವರು ಸಿಕ್ಕರೆ ಉತ್ತಮ. ಮಾವನ ಎದುರು ಸೊಸೆ ಬಾಯಿ ತೆರೆಯದ ಮನೆಗಳು ಇನ್ನೂ ಇರುವುದರಿಂದ, ಹೆಣ್ಣುಮಕ್ಕಳ ಸ್ವಸಹಾಯ ಸಂಘದಲ್ಲಿ ಮೊದಲು ಪ್ರತ್ಯೇಕವಾಗಿ ಕೂತು, ಅವರು ಹೇಳಿದ್ದನ್ನು ಅವರ ಒಪ್ಪಿಗೆಯೊಡನೆ ದೊಡ್ಡ ಸಭೆಗೆ ತನ್ನಿ. ಫೋಟೊ, ವಿಡಿಯೊ ಬೇಡ.

ಮರುದಿನದ ಕೆಲಸ

ಮನೆಗೆ ಬಂದು ಆ ಮೂರು ವಾಕ್ಯಗಳ ಹಾಳೆಯನ್ನು ತೆಗೆದು, ಈಗ ತಿಳಿದಂತೆ ತಿದ್ದಿ ಬರೆಯಿರಿ. ಅವರು ಮಾತಿನ ನಡುವೆ ಹೇಳಿದ ಒಂದು ಸಣ್ಣ ಅಡಚಣೆಯನ್ನು, ಪಹಣಿಯಲ್ಲಿ ತಪ್ಪಾದ ಹೆಸರೋ ಮಗಳ ಹಾಸ್ಟೆಲ್ಲಿನ ಅರ್ಜಿಯೋ ಏನಾದರೂ ಇದ್ದರೆ, ನಿಮ್ಮಿಂದ ಆಗುವುದಿದ್ದಲ್ಲಿ ಒಂದು ವಾರದೊಳಗೆ ಮಾಡಿಕೊಡಿ. ಅವರು ನಿಮ್ಮ ಮುಂದೆ ಒಪ್ಪಿಕೊಂಡದ್ದನ್ನು ನಿಮ್ಮ ಪಕ್ಷದವರ ಮುಂದೆ ಎಂದೂ ಆಡಿ ತೋರಿಸಬೇಡಿ. ಅಣ್ಣ ಅಂದು ಸಂಜೆ ನನ್ನ ಮುಂದೆ ಹೇಳಿದ್ದರಲ್ಲಿ ಕೆಲವು ಮಾತುಗಳನ್ನು ಈ ಬರಹದಲ್ಲಿಯೂ ಬರೆದಿಲ್ಲ. ಹೇಳಿದ ದಿನಕ್ಕೆ ಮತ್ತೆ ಅವರ ಮನೆಗೆ ಹೋಗಿ, ಕೂತು, ತಿದ್ದಿ ಬರೆದದ್ದನ್ನು ಅವರಿಗೆ ಓದಿ ಹೇಳಿ, ಎಲ್ಲಿ ತಪ್ಪಿದೆಯೆಂದು ಕೇಳಿ.